‘ಎ ಸೂಟಬಲ್ ಬಾಯ್’ ನೋಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಕ್ರಮ್ ಸೇಠ್ ಅವರ ಕಾದಂಬರಿಯನ್ನು ಮೀರಾ ನಾಯರ್ ಟಿವಿಗೆ ತಂದು ವರ್ಷಗಳೇ ಆದವು. ಆದರೂ ಹೊಸದಾಗಿ ನೋಡಿದವರು ಯಾರಾದರೂ ಸಿಕ್ಕರೆ ಅವೇ ಪ್ರಶ್ನೆಗಳು. ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ಆ ಪುಸ್ತಕ ನಮ್ಮ ಮನೆಯಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಕಣ್ಣಿಗೆ ಬೀಳದಿರುವಷ್ಟು ಸಣ್ಣದೇನಲ್ಲ ಅದು. ಓದಿ ಓದಿ ಬೆನ್ನು ಬಿರಿದು ಎರಡು ತುಂಡಾಗಿದೆ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಪ್ರತಿ ಸಲವೂ ಅದನ್ನೇ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಸರಣಿಯನ್ನು ಮೈಸೂರಿನಲ್ಲಿ ದೊಡ್ಡಮ್ಮನ ಜೊತೆ ಕೂತು ನೋಡಿದೆ, ಹಾಗಾಗಿ ಅವರೂ ನಡುವೆ ಬರುತ್ತಾರೆ.

ಕಥೆಯ ಕೊನೆ ಗೊತ್ತಾಗಬಾರದು ಅನ್ನುವವರು ‘ಲತಾ ಮಾಡಿದ ಆಯ್ಕೆ’ ಎಂಬ ಪ್ರಶ್ನೆ ಬಂದ ತಕ್ಷಣ ಕಣ್ಣು ಮುಚ್ಚಿಕೊಂಡು ಮುಂದೆ ಹೋಗಿ.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿ. ಯಾವಾಗ ಬಂತು, ಎಷ್ಟು ಕಂತು?

ಕಾದಂಬರಿ ಬಂದದ್ದು 1993ರಲ್ಲಿ. ಗಟ್ಟಿ ರಟ್ಟಿನ ಆವೃತ್ತಿಯಲ್ಲಿ 1349 ಪುಟ, ಹೆಚ್ಚುಕಮ್ಮಿ 6 ಲಕ್ಷ ಪದ. ಕಥೆ ನಡೆಯುವುದು 1951-52ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ, ಮೊದಲ ಸಾರ್ವತ್ರಿಕ ಚುನಾವಣೆ ಬಾಗಿಲಲ್ಲಿದೆ. ರೂಪಾ ಮೆಹ್ರಾ ಎಂಬ ತಾಯಿ ತನ್ನ ಕಿರಿ ಮಗಳು ಲತಾಗೆ ಗಂಡು ಹುಡುಕುತ್ತಾಳೆ. ಅಷ್ಟೇ ಕಥೆ. ಆ ಅಷ್ಟರೊಳಗೆ ಮೆಹ್ರಾ, ಕಪೂರ್, ಖಾನ್, ಚಟರ್ಜಿ ಅಂತ ನಾಲ್ಕು ಮನೆತನ, ಒಂದು ವಿಧಾನಸಭೆ, ಒಂದು ವಿಶ್ವವಿದ್ಯಾಲಯ, ಒಂದು ಚಪ್ಪಲಿ ಕಾರ್ಖಾನೆ, ಒಬ್ಬ ಗಾಯಕಿಯ ಮನೆ, ಎಲ್ಲ ತುಂಬಿಕೊಂಡಿವೆ.

ಸರಣಿಗೆ ಆರೇ ಕಂತು, ಒಂದೊಂದೂ ಸುಮಾರು ಒಂದು ಗಂಟೆ. ಬ್ರಿಟನ್ನಿನಲ್ಲಿ ಬಿಬಿಸಿ ಒನ್ ವಾಹಿನಿಯಲ್ಲಿ 2020ರ ಜುಲೈ 26ರಂದು ಶುರುವಾಯಿತು. ನಮಗೆ ನೆಟ್‌ಫ್ಲಿಕ್ಸ್‌ನಲ್ಲಿ ಸಿಕ್ಕಿದ್ದು ಅದೇ ವರ್ಷ ಅಕ್ಟೋಬರ್ 23ಕ್ಕೆ. ಕೊರೋನಾ ಕಾಲ, ಎಲ್ಲರೂ ಮನೆಯಲ್ಲೇ. ಜಗಳ ಆಡುವುದಕ್ಕೂ ಬೇಕಾದಷ್ಟು ಸಮಯ ಇತ್ತು.

ಪುಸ್ತಕ ಓದದೆ ನೋಡಬಹುದಾ?

ಧಾರಾಳವಾಗಿ. ನಿಜ ಹೇಳಬೇಕೆಂದರೆ ಓದದವರೇ ಜಾಸ್ತಿ ಖುಷಿಯಾಗಿ ನೋಡಿದರು. ಮೊದಲ ಕಂತಿನ ಮದುವೆ ಮನೆಯಲ್ಲಿ ಯಾರು ಯಾರ ಅಳಿಯ, ಯಾರು ಯಾರ ಮೈದುನ ಅಂತ ಸ್ವಲ್ಪ ತಲೆ ಕೆಡುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಕೆಡುವುದಿಲ್ಲವಾ? ಅರ್ಧ ಗಂಟೆ ಕೂತರೆ ಎಲ್ಲ ಸರಿಹೋಗುತ್ತದೆ.

ಎಲ್ಲರೂ ಯಾಕೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ? ಅದೂ ಯಾಕೆ ಹಾಗೆ, ಶಾಲಾ ನಾಟಕದ ಥರ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಉಳಿದ ದೂರುಗಳಲ್ಲಿ ಅರ್ಧಕ್ಕರ್ಧ ಇದರ ಹೊಟ್ಟೆಯಿಂದಲೇ ಹುಟ್ಟಿದವು ಅಂತ ನನಗನ್ನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸುಲಭದ ಉತ್ತರ ಇದು: ಮಾಡಿಸಿದ್ದು ಬಿಬಿಸಿ, ನೋಡುಗರು ಬ್ರಿಟಿಷರು, ಮೂಲ ಪುಸ್ತಕವೂ ಇಂಗ್ಲಿಷ್. ಅಂದ ಮೇಲೆ ಇಂಗ್ಲಿಷ್ ಬಿಟ್ಟು ಇನ್ನೇನು? ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಇದು ಸಾಲದು. ಅದೇ ಇಂಗ್ಲಿಷ್ ಪುಸ್ತಕ ಓದುವಾಗ ನಮ್ಮಲ್ಲಿ ಒಬ್ಬರಿಗೂ ‘ಇವರು ಯಾಕೆ ಇಂಗ್ಲಿಷ್ ಮಾತಾಡ್ತಿದ್ದಾರೆ’ ಅನ್ನಿಸಲಿಲ್ಲವಲ್ಲ?

ಕಾದಂಬರಿಯ ಮೊದಲ ಸಾಲೇ ರೂಪಾ ಮೆಹ್ರಾಳ ಮಾತು. ದೊಡ್ಡ ಮಗಳ ಮದುವೆಯ ದಿನ ಚಿಕ್ಕವಳಿಗೆ ಹೇಳುತ್ತಾಳೆ, ನಿನಗೂ ನಾನು ಆರಿಸಿದ ಹುಡುಗನೇ ಅಂತ. ಅದನ್ನು ಓದಿದಾಗ ನನ್ನ ಕಿವಿಗೆ ಇಂಗ್ಲಿಷ್ ಬೀಳಲೇ ಇಲ್ಲ. ‘ನೋಡು, ನೀನೂ ಅಷ್ಟೆ, ನಾನು ತೋರಿಸಿದವನನ್ನೇ ಮಾಡ್ಕೋಬೇಕು’ ಅಂತ ಅಪ್ಪಟ ಮೈಸೂರು ಕನ್ನಡದಲ್ಲಿ, ಸೆರಗು ಸರಿಮಾಡಿಕೊಳ್ಳುತ್ತಾ ನಮ್ಮ ಮನೆಯವರೇ ಯಾರೋ ಹೇಳಿದ ಹಾಗಾಯಿತು. ಧಾರವಾಡದವರಿಗೆ ಅದು ಧಾರವಾಡದ ದನಿಯಲ್ಲಿ ಕೇಳಿಸಿರುತ್ತದೆ, ಲಖನೌದವರಿಗೆ ಅವರ ದನಿಯಲ್ಲಿ. ಕಾಗದದ ಮೇಲಿನ ಮಾತಿಗೆ ದನಿ ಇರುವುದಿಲ್ಲ. ದನಿ ಕೊಡುವವರು ನಾವು. ಹೀಗೆ ಒಂದೊಂದು ಮನೆಯಲ್ಲೂ ಬೇರೆ ಬೇರೆ ರೂಪಾ ಮೆಹ್ರಾ ಇದ್ದಳು.

ಪರದೆಯ ಮೇಲೆ ಆ ಸೌಲಭ್ಯ ಇಲ್ಲ. ನಟಿ ಮಾಹಿರಾ ಕಕ್ಕರ್ ಬಾಯಿ ತೆರೆದರೆ ಬರುವುದು ಒಂದೇ ದನಿ, ಒಂದೇ ಉಚ್ಚಾರಣೆ. ಅವರು ಚೆನ್ನಾಗಿಯೇ ಮಾಡಿದ್ದಾರೆ. ಮಾತು ಮಾತಿಗೂ ಕಣ್ಣೀರು ತಂದುಕೊಳ್ಳುವ, ಅದೇ ಕಣ್ಣೀರಿನಿಂದ ಮನೆಯವರನ್ನೆಲ್ಲ ಆಡಿಸುವ ಆ ಅಮ್ಮ ನನಗೆ ಇಷ್ಟವಾದಳು. ಆದರೆ ಓದುವಾಗ ಇಲ್ಲದ ಇಂಗ್ಲಿಷ್ ಆಗ ಥಟ್ಟನೆ ಎದುರಿಗೆ ಬಂದು ನಿಂತುಬಿಡುತ್ತದೆ.

ಇನ್ನೊಂದು ವಿಷಯವೂ ಇದೆ. ಸೇಠ್ ಪುಸ್ತಕದಲ್ಲಿ ಯಾರು ಯಾವ ಭಾಷೆ ಎನ್ನುವ ಲೆಕ್ಕ ಬಹಳ ಮುಖ್ಯ. ಲತಾ ಓದುವುದು ಇಂಗ್ಲಿಷ್ ಸಾಹಿತ್ಯ, ಅವಳೂ ಅವಳು ಮೆಚ್ಚಿದ ಹುಡುಗ ಕಬೀರನೂ ಇಂಗ್ಲಿಷ್ ಮಾತಾಡಿದರೆ ಸಹಜ. ಕಲ್ಕತ್ತೆಯ ಬ್ರಿಟಿಷ್ ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣ ಅರುಣನಿಗೆ ಇಂಗ್ಲಿಷೇ ಅಂತಸ್ತು. ಲತಾಗೆ ನೋಡಿದ ವರ ಹರೇಶನ ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲ ಎಂಬುದೇ ಅವನ ಮೇಲಿನ ದೊಡ್ಡ ಆಪಾದನೆ! ಅತ್ತ ಮಂತ್ರಿಯ ಮಗ ಮಾನ್ ಕಪೂರನಿಗೆ ಉರ್ದು ಓದಲು ಬರುವುದಿಲ್ಲ. ತಾನು ಪ್ರೀತಿಸುವ ಗಾಯಕಿ ಸಯೀದಾ ಬಾಯಿಯ ಕಾಗದವನ್ನು ಬೇರೆಯವರ ಕೈಲಿ ಓದಿಸಿಕೊಳ್ಳಬೇಕು, ರಶೀದನ ಹತ್ತಿರ ಅಲಿಫ್, ಬೇ ಕಲಿಯಬೇಕು. ಮಂತ್ರಿ ಮಹೇಶ್ ಕಪೂರರ ಹೆಂಡತಿಗೆ ಇಂಗ್ಲಿಷೇ ಗೊತ್ತಿಲ್ಲ, ಹಾಗಾಗಿ ದೊಡ್ಡವರ ಮಾತಿನ ನಡುವೆ ಅವರು ಮೂಕರು. ಎಲ್ಲರ ಬಾಯಿಗೂ ಒಂದೇ ಇಂಗ್ಲಿಷ್ ಹಾಕಿದರೆ ಈ ಏರುತಗ್ಗೆಲ್ಲ ಮಟ್ಟಸವಾಗಿಬಿಡುತ್ತದೆ. ರೋಡ್ ರೋಲರ್ ಓಡಿಸಿದ ಹಾಗೆ.

ಪೂರ್ತಿ ಹಾಗೆ ಆಗಿಲ್ಲ ಎನ್ನುವುದನ್ನೂ ಹೇಳಬೇಕು. ಹಿಂದಿ-ಉರ್ದು ಇನ್ನಷ್ಟು ಇರಲಿ ಅಂತ ಪಟ್ಟು ಹಿಡಿದೆ ಎಂದು ಮೀರಾ ನಾಯರ್ ಅವರೇ ಹೇಳಿಕೊಂಡಿದ್ದಾರೆ. ಸಯೀದಾ ಬಾಯಿಯ ಮನೆಯಲ್ಲಿ, ಹಳ್ಳಿಯಲ್ಲಿ ಅದು ಕೇಳಿಸುತ್ತದೆ. ನೋಡುಗರು ಒಮ್ಮತದಿಂದ ಮೆಚ್ಚಿದ ದೃಶ್ಯಗಳೂ ಬಹುಮಟ್ಟಿಗೆ ಅವೇ. ಸುಮ್ನೆ ಆಗಿದ್ದಲ್ಲ ಅದು.

ಹಾಗಾದರೆ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಬಂದಾಗ ನಮಗ್ಯಾಕೆ ಕಿರಿಕಿರಿ ಆಗಲಿಲ್ಲ?

ಈ ಪ್ರಶ್ನೆ ಕೇಳಿದವಳು ನನ್ನ ಗೆಳತಿ. ಒಳ್ಳೆಯ ಏಟು ಕೊಟ್ಟಳು. ಎರಡು ದಿನ ಯೋಚನೆ ಮಾಡಿದೆ.

ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ, ಕನ್ನಡದ ನಟರನ್ನು ಹಾಕಿಕೊಂಡು, ಹಿಂದಿಯಲ್ಲಿ ದೂರದರ್ಶನಕ್ಕೆ ಕೊಟ್ಟರು. ತರ್ಕ ಮಾಡಿದರೆ ಇದೂ ವಿಚಿತ್ರವೇ. ಮಲೆನಾಡಿನ ಜಗಲಿ, ಹೆಂಚಿನ ಮನೆ, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಅವರ ನಡುವೆ ಮಾಸ್ಟರ್ ಮಂಜುನಾಥ್ ಹಿಂದಿ ಮಾತಾಡುತ್ತಾ ಓಡಾಡುತ್ತಾನೆ. ಯಾರೂ ಕೊಕ್ಕೆ ತೆಗೆಯಲಿಲ್ಲ.

ನನಗೆ ತೋಚುವ ಕಾರಣ ಇದು. ಆ ಹಿಂದಿ ಸ್ವಾಮಿಯ ಮನೆಯ ಭಾಷೆ ಅಲ್ಲ, ನಿಜ. ಆದರೆ ಅದು ಯಾರದೋ ಮನೆಯ ಭಾಷೆ. ಅದರಲ್ಲಿ ಅಜ್ಜಿ ಮೊಮ್ಮಗನನ್ನು ಮುದ್ದು ಮಾಡಬಹುದು, ಅಪ್ಪ ಗದರಬಹುದು. 1951ರ ಉತ್ತರ ಭಾರತದ ಅಡುಗೆಮನೆಯಲ್ಲಿ ಇಂಗ್ಲಿಷಿಗೆ ಆ ಸಲಿಗೆ ಇರಲಿಲ್ಲ. ಜೊತೆಗೆ ‘ಸ್ವಾಮಿ’ ತೆಳ್ಳಗಿನ ಪುಸ್ತಕ. ಅದಕ್ಕೇ ಎಂಟು ಕಂತು ಸಿಕ್ಕಿತು. ಸ್ವಾಮಿಯ ಕ್ರಿಕೆಟ್ಟು, ಮುನಿಸು, ಗೆಳೆಯ ರಾಜಮ್ ಊರು ಬಿಟ್ಟು ಹೋಗುವ ರೈಲು, ಯಾವುದನ್ನೂ ಓಡಿಸಬೇಕಾಗಿ ಬರಲಿಲ್ಲ.

ಮತ್ತೆ, ನಾವಾಗ ಮಕ್ಕಳು. ಇದ್ದದ್ದು ಒಂದೇ ಚಾನೆಲ್. ಎಲ್. ವೈದ್ಯನಾಥನ್ ಅವರ ಆ ‘ತಾನಾನ’ ಶುರುವಾದರೆ ಬೇರೆ ಏನೂ ಬೇಕಿರಲಿಲ್ಲ. ಇವತ್ತು ಮೊದಲ ಸಲ ನೋಡುವವರು ಏನಾದರೂ ತಪ್ಪು ಕಂಡುಹಿಡಿದರೂ ಹಿಡಿಯಬಹುದು. ನನ್ನ ಮುಂದೆ ಹೇಳಬೇಡಿ ಅಷ್ಟೆ.

ಆರು ಗಂಟೆಗೆ ಇಳಿಸಿದ್ದು ಸರಿನಾ? ಏನೇನು ಬಿಟ್ಟುಹೋಯಿತು?

ಲೆಕ್ಕ ಹಾಕಿ ನೋಡಿ. 1349 ಪುಟ, 360 ನಿಮಿಷ. ನಿಮಿಷಕ್ಕೆ ಮೂರೂ ಮುಕ್ಕಾಲು ಪುಟ. ಅಷ್ಟು ಬೇಗ ಓದುವುದಕ್ಕೂ ಆಗುವುದಿಲ್ಲ.

ಹೆಚ್ಚು ಪೆಟ್ಟು ಬಿದ್ದಿದ್ದು ರಾಜಕೀಯಕ್ಕೆ. ಪುಸ್ತಕದಲ್ಲಿ ಕಂದಾಯ ಮಂತ್ರಿ ಮಹೇಶ್ ಕಪೂರ್ ಜಮೀನ್ದಾರಿ ಪದ್ಧತಿ ತೆಗೆದುಹಾಕಲು ಮಸೂದೆ ತರುತ್ತಾರೆ. ಅವರ ಆಪ್ತ ಗೆಳೆಯ ಬೈತಾರ್‌ನ ನವಾಬರೇ ಅದರಿಂದ ಜಮೀನು ಕಳೆದುಕೊಳ್ಳುವವರು. ಸದನದ ವಾದ, ಕೋರ್ಟಿನ ವಾದ, ಮಸೂದೆ ಬರುವ ಸುದ್ದಿ ಸಿಕ್ಕಿದ್ದೇ ತಡ ಗೇಣಿದಾರರನ್ನು ಹೊಲದಿಂದ ಎಬ್ಬಿಸುವ ಹುನ್ನಾರ, ಎಲ್ಲ ಪುಟಗಟ್ಟಲೆ ಇದೆ. ಬೇಸರ ಬರುತ್ತದೆ ಅನ್ನುವವರಿದ್ದಾರೆ. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕೇಳಿ ಬೆಳೆದ ನಮಗೆ ಬೇಸರ ಯಾಕೆ ಬರಬೇಕು? ನಮ್ಮ ಕಡೆ ದೇವರಾಜ ಅರಸರ ಕಾಲದಲ್ಲಿ ಉಳುತ್ತಿದ್ದ ಜಮೀನು ತಮಗೇ ಸಿಗಲಿ ಅಂತ ಡಿಕ್ಲರೇಷನ್ ಅರ್ಜಿ ಹಾಕಿದವರ, ಹಾಕಲು ಹೆದರಿದವರ ಕಥೆಗಳು ಎಷ್ಟು ಮನೆಗಳಲ್ಲಿಲ್ಲ? ಪುಸ್ತಕದ ರಶೀದ್ ತನ್ನ ಮನೆಯವರ ವಿರುದ್ಧವೇ ಮುದುಕ ಗೇಣಿದಾರನ ಪರ ನಿಲ್ಲುವ ಭಾಗ ಓದುವಾಗ ನನಗೆ ತೀರ್ಥಹಳ್ಳಿಯ ಕಡೆಯ ಒಂದು ಮನೆ ನೆನಪಾಗುತ್ತಿತ್ತು. ಸರಣಿಯಲ್ಲಿ ವಿಜಯ್ ವರ್ಮಾ ಆ ಪಾತ್ರ ಮಾಡಿದ್ದಾರೆ. ಅಂಥ ನಟ ಇಟ್ಟುಕೊಂಡು ಅಷ್ಟು ಕಡಿಮೆ ಕೆಲಸ ಕೊಟ್ಟಿದ್ದಾರಲ್ಲ ಅಂತ ಹೊಟ್ಟೆ ಉರಿಯಿತು.

ಇನ್ನೊಂದು ನಷ್ಟ ತಮಾಷೆಯದು. ಕಾದಂಬರಿಯ ಪರಿವಿಡಿಯೇ ಪದ್ಯದಲ್ಲಿದೆ, 19 ಭಾಗಕ್ಕೂ ಒಂದೊಂದು ಪ್ರಾಸದ ದ್ವಿಪದಿ. ಚಟರ್ಜಿ ಮನೆಯವರು ಊಟದ ಮೇಜಿನಲ್ಲೂ ದ್ವಿಪದಿ ಹೊಸೆಯುತ್ತಾರೆ. ಆ ಹಗುರತನ ಓದುವಾಗ ಉಸಿರಾಡಲು ಜಾಗ ಕೊಡುತ್ತದೆ. ಸರಣಿಯಲ್ಲಿ ಅದರ ಪರಿಮಳ ಮಾತ್ರ ಇದೆ.

ಎಲ್ಲವನ್ನೂ ಇಡಬೇಕಿತ್ತು ಅನ್ನುವುದೂ ಅನ್ಯಾಯ. ಇನ್ನೊಂದು ನಾಲ್ಕು ಗಂಟೆ ಸಿಕ್ಕಿದ್ದರೆ ಸಾಕಿತ್ತು ಎನ್ನುವುದು ನನ್ನ ಲೆಕ್ಕ. ಆದರೆ ಆ ಲೆಕ್ಕಕ್ಕೆ ದುಡ್ಡು ಕೊಡುವವಳು ನಾನಲ್ಲವಲ್ಲ.

ಚಿತ್ರಕಥೆ ಬರೆದವರು ಬ್ರಿಟಿಷರಂತೆ. ಭಾರತದವರು ಯಾರೂ ಸಿಗಲಿಲ್ಲವಾ?

ಬರೆದವರು ಆಂಡ್ರ್ಯೂ ಡೇವಿಸ್. 1995ರಲ್ಲಿ ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು, ಆಮೇಲೆ ಟಾಲ್‌ಸ್ಟಾಯ್ ಅವರ ‘ವಾರ್ ಅಂಡ್ ಪೀಸ್’ ಅನ್ನು ಬಿಬಿಸಿಗೆ ಬರೆದುಕೊಟ್ಟವರು. ದಪ್ಪ ಪುಸ್ತಕವನ್ನು ಸಣ್ಣ ಮಾಡುವುದರಲ್ಲಿ ಪಳಗಿದ ಕೈ. ಅವರನ್ನು ಬಿಟ್ಟರೆ ನಿರ್ದೇಶಕಿಯೂ ಸೇರಿ ಎದುರಿಗೆ ಕಾಣುವ ಬಹುತೇಕ ಎಲ್ಲರೂ ಭಾರತೀಯ ಮೂಲದವರೇ.

ಬಿಳಿಯರು ಬರೆದರು ಅನ್ನುವುದಕ್ಕೇ ಸಿಟ್ಟಾಗುವವರ ಜೊತೆ ನನಗೆ ಪೂರ್ತಿ ಸಮ್ಮತಿಯಿಲ್ಲ. ತೊಂದರೆ ಆಗಿದ್ದು ಬೇರೆ ಕಡೆ. ಆಸ್ಟಿನ್ ಕಥೆಯಲ್ಲಿ ಹುಡುಗಿಗೆ ವರ ಹುಡುಕುವುದೇ ಬೆನ್ನೆಲುಬು. ಇಲ್ಲೂ ಅದೇ ಬೆನ್ನೆಲುಬು ಅಂದುಕೊಂಡು ಉಳಿದ ಮಾಂಸವನ್ನು ಕೆತ್ತಿ ತೆಗೆದಿದ್ದಾರೆ. ಸೇಠ್ ಕಥೆಯಲ್ಲಿ ಮದುವೆ ಒಂದು ನೆಪ. ಆ ನೆಪದಲ್ಲಿ ಅವರು ಇಡೀ ಊರು ಸುತ್ತಿಸುತ್ತಾರೆ.

ಕಥೆ ನಡೆಯುವ ಬ್ರಹ್ಮಪುರ ಎಲ್ಲಿದೆ? ನೋಡಬಹುದಾ?

ಇಲ್ಲ. ಊರೂ ಕಟ್ಟುಕಥೆ, ‘ಪೂರ್ವ ಪ್ರದೇಶ’ ಎಂಬ ರಾಜ್ಯವೂ ಕಟ್ಟುಕಥೆ. ಸರಣಿಗಾಗಿ ಲಖನೌ ಮತ್ತು ಮಧ್ಯಪ್ರದೇಶದ ಮಹೇಶ್ವರದ ಕಡೆ ಚಿತ್ರೀಕರಣ ಮಾಡಿದ್ದಾರೆ. ನದಿ ದಂಡೆಯ ಆ ಚೆಂದದ ಘಾಟ್ ಮಹೇಶ್ವರದ್ದು. ಪುಸ್ತಕದಲ್ಲಿ ಗಂಗೆ, ಅಲ್ಲಿ ನಿಜವಾಗಿ ಹರಿಯುವುದು ನರ್ಮದೆ.

ಇಶಾನ್ ಖಟ್ಟರ್ ಮತ್ತು ತಬು ಜೋಡಿ ಬಗ್ಗೆ ಜನ ಏನಂದರು? ವಯಸ್ಸಿನ ಅಂತರ ಜಾಸ್ತಿ ಆಗಲಿಲ್ವಾ?

ಇಶಾನ್ ಇಲ್ಲಿ ಮಾನ್, ತಬು ಸಯೀದಾ ಬಾಯಿ. ಅಂತರ ಇರಬೇಕಾದದ್ದೇ. ಪುಸ್ತಕದಲ್ಲೂ ಸಯೀದಾ ಬಾಯಿ ಮಾನ್‌ಗಿಂತ ದೊಡ್ಡವಳು. ಅವಳು ಜೀವನ ಕಂಡವಳು, ಅವನು ಮಂತ್ರಿಯ ಮಗ, ಬೇಜವಾಬ್ದಾರಿ, ಒಳ್ಳೆಯ ಹುಡುಗ. ಬೇರೆ ಏನು ಬೈದರೂ ಈ ಜೋಡಿಯನ್ನು ಬೈದವರು ನನಗೆ ಸಿಕ್ಕಿಲ್ಲ. ಕೆಲವರು ‘ಲತಾ ಕಥೆ ಬಂದಾಗ ಓಡಿಸಿಬಿಟ್ಟೆ, ಇವರ ಕಥೆಯಷ್ಟೇ ನೋಡಿದೆ’ ಅಂದರು. ಅದು ಲತಾ ಪಾತ್ರ ಮಾಡಿದ ತಾನ್ಯಾ ಮಾಣಿಕ್ತಲಾ ಅವರಿಗೆ ಸ್ವಲ್ಪ ಅನ್ಯಾಯ. ಆ ಹುಡುಗಿಯ ಮುಖದಲ್ಲೇ ಒಂದು ಬೆಳಕಿದೆ.

ಮೊದಲ ಮೆಹಫಿಲ್ ನೆನಪಿದೆಯಾ? ಹೋಳಿ ಹಬ್ಬದ ಸಂಜೆ, ತಬು ಹಾಡಲು ಕೂತಿದ್ದಾರೆ. ದನಿ ಕವಿತಾ ಸೇಠ್ ಅವರದು. ತಬು ತಲೆ ಎತ್ತುವುದು ನಿಧಾನ, ನೋಡುವುದು ಅದಕ್ಕಿಂತ ನಿಧಾನ. ಅವರೊಬ್ಬರಿಗೆ ಮಾತ್ರ ಇದು ಆರು ಗಂಟೆಯ ಸರಣಿ ಅಂತ ಯಾರೂ ಹೇಳಿಲ್ಲವೇನೋ ಅನ್ನುವ ಹಾಗೆ. ಅಲ್ಲಿಯವರೆಗೆ ಹುರುಳಿಕಾಯಿ ಸೋಸುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿದರು. ಹಾಡು ಮುಗಿದ ಮೇಲೆ ‘ಈ ಹುಡುಗ ಕೆಟ್ಟ ಕಣೇ’ ಅಂದರು, ಇಶಾನ್ ಮುಖ ನೋಡಿ. ಕೆಟ್ಟು ಹೋಗುತ್ತಾನೆ ಅಂತ ಅರ್ಥ. ಪುಸ್ತಕ ಓದಿದ ನಾನು ಸುಮ್ಮನಿದ್ದೆ.

ಲತಾ ಮಾಡಿದ ಆಯ್ಕೆ ಸರಿನಾ?

ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಂದ ಹಾರಿ.

ಮೂವರಿದ್ದಾರೆ. ಕಬೀರ್ ದುರ್ರಾನಿ, ಸುಂದರ, ಕ್ರಿಕೆಟ್ ಆಡುವವನು, ಅವಳಿಗೆ ಜೀವ, ಆದರೆ ಮುಸಲ್ಮಾನ. ಅಮಿತ್ ಚಟರ್ಜಿ, ಕವಿ, ಜಾಣ, ಶ್ರೀಮಂತ, ಸ್ವಲ್ಪ ಸೋಮಾರಿ. ಹರೇಶ್ ಖನ್ನಾ, ಚಪ್ಪಲಿ ಕಾರ್ಖಾನೆಯವನು, ಎರಡು ಬಣ್ಣದ ಶೂ ಹಾಕುವವನು, ಪಾನ್ ಜಗಿಯುವವನು. ಅವಳು ಹರೇಶನನ್ನು ಒಪ್ಪುತ್ತಾಳೆ. 1993ರಿಂದಲೂ ಓದುಗರು ಇದಕ್ಕೆ ಜಗಳ ಆಡುತ್ತಿದ್ದಾರೆ. ಸರಣಿ ಬಂದ ಮೇಲೆ ಹೊಸಬರು ಅದೇ ಜಗಳಕ್ಕೆ ಸೇರಿಕೊಂಡರು.

ಮೊದಲ ಸಲ ಓದಿದಾಗ ನನಗೆ ಇಪ್ಪತ್ತೊಂದು. ಪುಸ್ತಕ ಗೋಡೆಗೆ ಎಸೆಯಬೇಕು ಅನ್ನಿಸಿತು, ಭಾರ ಇದ್ದದ್ದರಿಂದ ಎಸೆಯಲಿಲ್ಲ. ಲತಾಳ ಗೆಳತಿ ಮಾಲತಿಗೂ ನನ್ನಷ್ಟೇ ಸಿಟ್ಟು ಬರುತ್ತದೆ. ಅವಳಿಗೆ ಲತಾ ಕೊಡುವ ವಿವರಣೆ ಏನೆಂದರೆ, ಮನಸ್ಸನ್ನು ಕಲಕಿ ಅಲ್ಲಾಡಿಸುವ ಪ್ರೀತಿ ಒಂದು, ಹಾಗೆ ಮಾಡದ್ದು ಇನ್ನೊಂದು. ತನಗೆ ಮೊದಲನೆಯದು ಬೇಡ ಅಂತ. ಕಬೀರನ ಜೊತೆ ಇದ್ದಾಗ ತಾನು ತಾನಾಗಿರುವುದಿಲ್ಲ ಅನ್ನುವ ಹೆದರಿಕೆ ಅವಳದು. ಪುಸ್ತಕದಲ್ಲಿ ಈ ಮಾತಿಗೆ ಬರುವ ಹೊತ್ತಿಗೆ ಮಾನ್‌ನ ಕಥೆ ಏನಾಯಿತು ಅಂತ ನೋಡಿರುತ್ತೇವೆ, ಹುಚ್ಚು ಪ್ರೀತಿ ಎಷ್ಟು ಮನೆ ಸುಟ್ಟಿತು ಅಂತ ಗೊತ್ತಿರುತ್ತದೆ. ಸರಣಿಯಲ್ಲೂ ಅದೇ ಕ್ರಮ ಇದೆ, ಆದರೆ ಹರೇಶನ ಪರಿಚಯವೇ ಅವಸರದಲ್ಲಿ ಮುಗಿಯುವುದರಿಂದ ಅವಳು ಥಟ್ಟನೆ ಮನಸ್ಸು ಬದಲಾಯಿಸಿದ ಹಾಗೆ ಕಾಣುತ್ತದೆ. ಪುಸ್ತಕದಲ್ಲಿ ಅವನು ಬ್ರಹ್ಮಪುರದ ಚಮ್ಮಾರರ ಕೇರಿಗೆ ಹೋಗಿ ಕೂತು ಶೂ ಹೊಲಿಸುತ್ತಾನೆ, ಚರ್ಮ ಹದ ಮಾಡುವ ತೊಟ್ಟಿಗಳ ವಾಸನೆಗೆ ಮೂಗು ಮುಚ್ಚುವುದಿಲ್ಲ. ಲತಾ ಒಮ್ಮೆ ಆಡಿದ ಒಂದೇ ಒಂದು ಇಂಗ್ಲಿಷ್ ಪದವನ್ನು ತಪ್ಪು ತಿಳಿದು ದಿನಗಟ್ಟಲೆ ಮುನಿಸಿಕೊಳ್ಳುತ್ತಾನೆ. ಇಂಗ್ಲೆಂಡಿಗೆ ಹೋಗಿ ಓದಿ ಬಂದವನು ಅವನು. ಅವನ ಉಚ್ಚಾರಣೆಯನ್ನು ಆಡಿಕೊಳ್ಳುವ ಅರುಣ್ ಇಂಗ್ಲೆಂಡಿನ ಮುಖವನ್ನೇ ನೋಡಿಲ್ಲ! ಇಷ್ಟೆಲ್ಲ ಗೊತ್ತಾದ ಮೇಲೆ ಹರೇಶನ ಮೇಲೆ ಒಂಥರಾ ಅಕ್ಕರೆ ಬರುತ್ತದೆ. ಹರೇಶನ ಪಾತ್ರ ಮಾಡಿದ ನಮಿತ್ ದಾಸ್ ಇದ್ದಷ್ಟು ಹೊತ್ತಿನಲ್ಲಿ ಅದನ್ನು ತರಲು ಒದ್ದಾಡಿದ್ದಾರೆ.

ಸೇಠ್ ಅವರ ತಂದೆ ಬಾಟಾ ಕಂಪನಿಯಲ್ಲಿದ್ದವರು. ಕಾದಂಬರಿಯಲ್ಲಿ ಹರೇಶ್ ಸೇರುವ ‘ಪ್ರಾಹಾ’ ಶೂ ಕಂಪನಿ ಯಾವುದರ ನೆರಳು ಅಂತ ಹೇಳಬೇಕಾಗಿಲ್ಲ. ಲತಾಳ ಹಾಗೆಯೇ ಶೂ ಕಂಪನಿಯವರನ್ನು ಮದುವೆಯಾದ ತಾಯಿ ಲೀಲಾ ಸೇಠ್ ಮುಂದೆ ಹಿಮಾಚಲ ಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ದೇಶದಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ. ಇದು ಗೊತ್ತಾದ ದಿನದಿಂದ ಲತಾ ಬಗ್ಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಮದುವೆಯೊಂದಿಗೆ ಅವಳ ಕಥೆ ಮುಗಿದುಹೋಯಿತು ಅಂದುಕೊಂಡಿದ್ದು ನನ್ನ ತಪ್ಪು.

ದೊಡ್ಡಮ್ಮನ ತೀರ್ಪು ಎರಡನೇ ಕಂತಿನಷ್ಟು ಹೊತ್ತಿಗೇ ಬಂದಾಗಿತ್ತು. ‘ಆ ಕವಿ ಬೇಡ, ಮನೇಲಿ ಒಂದು ಕೆಲಸ ಮಾಡಲ್ಲ ಅವನು. ಶೂ ಹುಡುಗ ವಾಸಿ.’ ಕಬೀರ್? ‘ಚೆನ್ನಾಗಿದಾನೆ’ ಅಂದು ಸುಮ್ಮನಾದರು. ಆ ಸುಮ್ಮನಾಗುವುದರಲ್ಲೇ ರೂಪಾ ಮೆಹ್ರಾ ಪೂರ್ತಿ ಇದ್ದಳು.

ದೇವಸ್ಥಾನದ ಮುತ್ತಿನ ಗಲಾಟೆ ಏನದು?

2020ರ ನವೆಂಬರ್. ಮಹೇಶ್ವರದ ಘಾಟ್‌ನಲ್ಲಿ ಲತಾ ಮತ್ತು ಕಬೀರ್ ಮುತ್ತು ಕೊಡುವ ದೃಶ್ಯದ ಹಿನ್ನೆಲೆಯಲ್ಲಿ ದೇವಸ್ಥಾನ ಕಾಣುತ್ತದೆ. ಹುಡುಗಿ ಹಿಂದೂ, ಹುಡುಗ ಮುಸಲ್ಮಾನ. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತು ಎಂದು ಬಿಜೆಪಿ ಯುವ ಮೋರ್ಚಾ ಮುಖಂಡರೊಬ್ಬರು ದೂರು ಕೊಟ್ಟರು. ಮಧ್ಯಪ್ರದೇಶದ ಆಗಿನ ಗೃಹ ಸಚಿವ ನರೋತ್ತಮ್ ಮಿಶ್ರಾ ಪರಿಶೀಲನೆಗೆ ಹೇಳಿದರು. ರೇವಾದಲ್ಲಿ ನೆಟ್‌ಫ್ಲಿಕ್ಸ್‌ನ ಇಬ್ಬರು ಅಧಿಕಾರಿಗಳ ಮೇಲೆ ಎಫ್‌ಐಆರ್ ಆಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಒಟಿಟಿಗಳನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗೆ ತಂದಿತು. 2021ರ ಫೆಬ್ರವರಿಯಲ್ಲಿ ಅವಕ್ಕೆ ನಿಯಮಗಳೂ ಬಂದವು.

ಕಾದಂಬರಿಯಲ್ಲೇ ಮಸೀದಿಯ ಪಕ್ಕ ದೇವಸ್ಥಾನ ಕಟ್ಟಲು ಹೊರಡುವ ಮಾರ್ಹ್‌ನ ರಾಜ ಇದ್ದಾನೆ, ಅದರಿಂದ ಗಲಭೆ ಆಗುತ್ತದೆ. ಸರಣಿಯಲ್ಲೂ ಅದಿದೆ. ಅದರ ಬಗ್ಗೆ ಇಷ್ಟು ಮಾತು ಕೇಳಿಬರಲಿಲ್ಲ. ಮುತ್ತಿಗೆ ಬಂತು.

ಬ್ರಿಟನ್ನಿನಲ್ಲಿ ಮೆಚ್ಚಿಕೊಂಡರು, ಇಲ್ಲಿ ಯಾಕೆ ಮೂಗು ಮುರಿದರು?

ಅಲ್ಲಿ ಎಲ್ಲರೂ ಮೆಚ್ಚಲಿಲ್ಲ, ಇಲ್ಲಿ ಎಲ್ಲರೂ ಮುರಿಯಲಿಲ್ಲ. ಅಲ್ಲಿರುವ ಭಾರತೀಯ ಮೂಲದವರೇ ಉಚ್ಚಾರಣೆ ಬಗ್ಗೆ ಮೊದಲು ತಗಾದೆ ತೆಗೆದದ್ದು. ಆದರೂ ಒಟ್ಟು ವ್ಯತ್ಯಾಸ ನಿಜ. ಭಾನುವಾರ ರಾತ್ರಿ ಹಳೇ ಕಾಲದ ಬಟ್ಟೆಬರೆ, ದೊಡ್ಡ ಮನೆ, ಮದುವೆ ಮಾತುಕತೆಯ ನಾಟಕ ನೋಡುವುದು ಬ್ರಿಟಿಷರಿಗೆ ರೂಢಿ. ಆ ಚೌಕಟ್ಟಿಗೆ ಇದು ಸರಿಯಾಗಿ ಕೂತುಕೊಂಡಿತು, ಬಣ್ಣ ಇನ್ನೂ ಜಾಸ್ತಿ. ನಮಗೆ ಅದು ಅಜ್ಜಿಯ ಕಾಲ. ಅಜ್ಜಿ ಹೇಗೆ ಮಾತಾಡುತ್ತಿದ್ದರು ಅಂತ ನಮಗೆ ಗೊತ್ತು.

ಇಂಗ್ಲಿಷಿನಲ್ಲಿ ನೋಡಲಾ, ಹಿಂದಿಯಲ್ಲಾ?

ಇಲ್ಲಿನ ನೆಟ್‌ಫ್ಲಿಕ್ಸ್‌ನಲ್ಲಿ ಹಿಂದಿ ಧ್ವನಿಯೂ ಇತ್ತು. ದೊಡ್ಡಮ್ಮ ಹಿಂದಿ ಮಧ್ಯಮ ಪರೀಕ್ಷೆ ಪಾಸು ಮಾಡಿದವರು, ಉಳಿದದ್ದನ್ನು ದೂರದರ್ಶನ ಕಲಿಸಿದೆ. ಹಾಗಾಗಿ ನಾವು ಮೊದಲ ಎರಡು ಕಂತು ಹಿಂದಿಯಲ್ಲೇ ನೋಡಿದೆವು. ತುಟಿ ಒಂದು ಹೇಳುತ್ತದೆ, ಕಿವಿ ಒಂದು ಕೇಳುತ್ತದೆ. ಆದರೂ ಮನೆ ಮನೆಯ ಹಾಗೆ ಕೇಳಿಸುತ್ತದೆ. ಆಮೇಲೆ ನಾನೊಬ್ಬಳೇ ಇಂಗ್ಲಿಷಿನಲ್ಲಿ ನೋಡಿದೆ. ಆಗ ಲತಾ-ಕಬೀರ್ ಭಾಗ, ಕಲ್ಕತ್ತೆಯ ಭಾಗ ಚೆನ್ನಾಗಿತ್ತು, ಕಪೂರ್ ಮನೆ ಮಂಕಾಯಿತು. ಒಂದೇ ಸಲ ನೋಡುವವರಿದ್ದರೆ ಹಿಂದಿ ಆರಿಸಿ, ಕಲ್ಕತ್ತೆ ಬಂದಾಗ ಬೇಕಾದರೆ ಬದಲಾಯಿಸಿಕೊಳ್ಳಿ. ರಿಮೋಟ್ ಕೈಯಲ್ಲೇ ಇರುತ್ತದಲ್ಲ.

ಕನ್ನಡದಲ್ಲಿ ಇಂಥ ಪ್ರಯತ್ನ ಆಗಿಲ್ಲವಾ?

ಆಗಿದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದರು. ಓದಿದವರಿಗೆ ಅಲ್ಲೂ ಕಣ್ಣಿದ್ದದ್ದು ಮಾತಿನ ಮೇಲೆಯೇ. ಕಥೆಯ ಅತ್ತೆ ಗಂಗಮ್ಮನ ಬೈಗುಳ ಆ ಸೀಮೆಯದೇ ಆಗಿರಬೇಕು, ಬೆಂಗಳೂರಿನ ಧಾರಾವಾಹಿ ಕನ್ನಡದಲ್ಲಿ ಬೈದರೆ ಗಂಗಮ್ಮ ಗಂಗಮ್ಮ ಅಲ್ಲ.

ಈಗ ಪುಸ್ತಕ ಓದಬೇಕು ಅನ್ನಿಸಿದೆ. ಹೇಗೆ ಶುರು ಮಾಡಲಿ?

ಮೇಜಿನ ಮೇಲೆ ಇಟ್ಟುಕೊಂಡು. ತಮಾಷೆ ಅಲ್ಲ, ಮಲಗಿ ಓದಿದರೆ ಕೈ ನೋಯುತ್ತದೆ. ಮುನ್ನುಡಿಯ ಪದ್ಯದಲ್ಲಿ ಸೇಠ್ ಅವರೇ ಮಣಿಕಟ್ಟು ಉಳುಕುತ್ತದೆ ಅಂತ ಎಚ್ಚರಿಸಿದ್ದಾರೆ. ಮೊದಲಿಗೇ ಇರುವ ವಂಶವೃಕ್ಷಕ್ಕೆ ಒಂದು ಬುಕ್‌ಮಾರ್ಕ್ ಇಡಿ, ಮತ್ತೆ ಮತ್ತೆ ಬೇಕಾಗುತ್ತದೆ. ಶಾಸನಸಭೆಯ ಭಾಗ ಬಂದಾಗ ಬೇಜಾರಾದರೆ ಹಾರಿಸಿ ಹೋಗಿ, ಆಮೇಲೆ ನೀವೇ ವಾಪಸ್ ಬರುತ್ತೀರಿ. ದಿನಕ್ಕೆ ಇಪ್ಪತ್ತು ಪುಟ ಓದಿದರೂ ಎರಡು ತಿಂಗಳ ಮೇಲೆ ಹಿಡಿಯುತ್ತದೆ. ಸರಣಿ ನೋಡಿದವರಿಗೆ ಒಂದು ಲಾಭ, ಮುಖಗಳು ಸಿದ್ಧವಾಗಿರುತ್ತವೆ. ದನಿ ಮಾತ್ರ ನಿಮ್ಮ ಮನೆಯದೇ ಹಾಕ್ಕೊಳ್ಳಿ.

ಎರಡನೇ ಸೀಸನ್ ಬರುತ್ತಾ?

ಆರು ಕಂತಿಗೆ ಇಡೀ ಪುಸ್ತಕ ಮುಗಿದಿದೆ, ಉಳಿದ ಕಥೆ ಇಲ್ಲ. ಮುಂದುವರಿದ ಕಾದಂಬರಿ ‘ಎ ಸೂಟಬಲ್ ಗರ್ಲ್’ ಬರೆಯುತ್ತೇನೆ ಎಂದು ಸೇಠ್ 2009ರಲ್ಲೇ ಹೇಳಿದ್ದರು. ಅದರಲ್ಲಿ ಲತಾ ಅಜ್ಜಿಯಾಗಿ ಮೊಮ್ಮಗನಿಗೆ ಹೆಣ್ಣು ಹುಡುಕುತ್ತಾಳಂತೆ. ಓದುಗರು ಕಾಯುತ್ತಲೇ ಇದ್ದೇವೆ. ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಹುರುಳಿಕಾಯಿ ಬುಟ್ಟಿ ಪಕ್ಕಕ್ಕಿಟ್ಟು, ‘ಅವಳಿಗೆ ಬಿಡು, ಅವಳಮ್ಮನ ಹತ್ರ ಕಲಿತಿರ್ತಾಳೆ’ ಅಂದರು.